ಸೋತ ದಿನದ ಪ್ರೇಕ್ಷಕ

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಮೊತ್ತಮೊದಲ ಟೆಸ್ಟ್ ಪಂದ್ಯವನ್ನು ನಾವು ಸೋತೆವು. ಅದು 1974ರ ನವೆಂಬರ್ ತಿಂಗಳು. ಕಟ್ಟಡದ ಕೆಲಸವೇ ಇನ್ನೂ ಪೂರೈಸಿರದಿದ್ದ ಆ ಅಂಗಳದಲ್ಲಿ, ವೆಸ್ಟ್ ಇಂಡೀಸ್ ತಂಡದ ನಾಯಕತ್ವವನ್ನು ಹೊಸದಾಗಿ ವಹಿಸಿಕೊಂಡು ಬಂದಿದ್ದ ಕ್ಲೈವ್ ಲಾಯ್ಡ್ ಅವರು 163 ರನ್ನುಗಳನ್ನು ಬಾರಿಸಿದರು. ಅಲ್ಲಿಯೇ ತಮ್ಮ ಟೆಸ್ಟ್ ಜೀವನವನ್ನು ಆರಂಭಿಸಿದ ಗಾರ್ಡನ್ ಗ್ರೀನಿಜ್ ಅವರು ಮೊದಲ ಇನಿಂಗ್ಸಿನಲ್ಲಿ 93ನ್ನೂ ಎರಡನೆಯದರಲ್ಲಿ 107ನ್ನೂ ಗಳಿಸಿದರು. ಕಡೆಗೆ ನಮ್ಮವರು 267 ರನ್ನುಗಳ ಅಂತರದಿಂದ ಪರಾಭವ ಹೊಂದಿದರು. ಬಸವನಗುಡಿಯ ನಮ್ಮ ಬೀದಿಯಲ್ಲಿ ರೇಡಿಯೊ ಇದ್ದ ಮನೆಯ ಜಗುಲಿಯ ಮೇಲೆ ಕುಳಿತು ಆ ವರದಿಯನ್ನು ಕೇಳಿದ ಹುಡುಗರಲ್ಲಿ ನಾನೂ ಒಬ್ಬನು. ರೇಡಿಯೊ ನಿಂತ ಮೇಲೆ ಹಿರಿಯರು ಮಾತನಾಡಿಕೊಂಡದ್ದು ಮಾತ್ರ 267ನ್ನು ಕುರಿತಲ್ಲ. ಅದೇ ಪಂದ್ಯದಲ್ಲಿ ರಂಗಪ್ರವೇಶ ಮಾಡಿದ ವಿವಿಯನ್ ರಿಚರ್ಡ್ಸ್ ಎಂಬ ತರುಣನನ್ನು ನಮ್ಮ ಚಂದ್ರಶೇಖರ್ ಒಮ್ಮೆ 4ಕ್ಕೂ ಮತ್ತೊಮ್ಮೆ 3ಕ್ಕೂ ಹಿಂದಕ್ಕೆ ಕಳುಹಿಸಿದ್ದನ್ನು ಕುರಿತು. ಬಾಲ್ಯದಲ್ಲಿ ಪೋಲಿಯೊ ತಗುಲಿ ಕೃಶವಾದ ಆ ತೋಳಿನಿಂದ ಅಂಥ ವೇಗದ ಗೂಗ್ಲಿ ಹೇಗೆ ಹೊರಡುತ್ತದೆಂಬ ಜಿಜ್ಞಾಸೆ, ಒಳಗಿನಿಂದ ಊಟದ ಕರೆ ಎರಡು ಸಲ ಬಂದರೂ ಮುಗಿಯಲಿಲ್ಲ.

ಆ ಜಗುಲಿ ಈಚೆಗೆ ನನಗೆ ಪದೇಪದೇ ನೆನಪಾಗುತ್ತದೆ. ದೇಶದ ತಂಡ ಸೋತ ದಿನ ಅದರ ಅಭಿಮಾನಿಯೆನಿಸಿಕೊಂಡವನು ಹೇಗೆ ನಡೆದುಕೊಳ್ಳತಕ್ಕದ್ದು ಎಂಬ ಪ್ರಶ್ನೆಗೆ ಕ್ರೀಡಾಮನೋಭಾವ, ಸಮಚಿತ್ತ ಮೊದಲಾದ ದೊಡ್ಡ ಮಾತುಗಳನ್ನು ನಾವು ಉತ್ತರವಾಗಿ ಕೊಡುವುದುಂಟು. ಅವು ಸುಳ್ಳಲ್ಲ, ಆದರೆ ಸಮಚಿತ್ತವು ಯೋಗಿಗಳ ಸೊತ್ತು, ಟಿಕೆಟ್ಟಿಗಾಗಿ ಮುಂಜಾನೆ ಸಾಲಿನಲ್ಲಿ ನಿಂತವನದಲ್ಲ. ನಾನು ಹೇಳುವುದು ಅದಕ್ಕಿಂತ ಸಣ್ಣ ಮಾತು: ಕೊನೆಯ ಚೆಂಡಿನವರೆಗೆ ಕುಳಿತು ಆ ಸೋಲನ್ನು ನೋಡಬೇಕು. ಯಾವ ಓವರಿನಲ್ಲಿ, ಯಾರ ಕೈಚಳಕದಿಂದ, ನಮ್ಮವರ ಯಾವ ಅಚಾತುರ್ಯದಿಂದ ಪಂದ್ಯ ಕೈಬಿಟ್ಟುಹೋಯಿತೆಂಬುದನ್ನು ಕಣ್ಣಾರೆ ಕಂಡವನಿಗೆ ವ್ಯಸನವಾಗುತ್ತದೆ, ನಿಜ. ಆದರೆ ಅರ್ಧದಲ್ಲಿ ಎದ್ದುಹೋಗಿ ಫಲಿತಾಂಶವನ್ನು ಮಾತ್ರ ಕೇಳಿದವನಿಗೆ ಬರುವಂಥ ಕುರುಡು ಕೋಪ ಅವನಿಗೆ ಬರುವುದನ್ನು ನಾನು ಕಂಡಿಲ್ಲ.

ಅದೇ 1974ರ ಜೂನ್ ತಿಂಗಳಲ್ಲಿ ಲಾರ್ಡ್ಸ್ ಅಂಗಳದಲ್ಲಿ ನಮ್ಮ ತಂಡ 42 ರನ್ನುಗಳಿಗೆ ಉರುಳಿತ್ತು. ಅದಕ್ಕೆ ಮೂರು ವರ್ಷ ಮೊದಲು, 1971ರಲ್ಲಿ, ಓವಲ್ ಅಂಗಳದಲ್ಲಿ ಚಂದ್ರಶೇಖರ್ 38 ರನ್ನುಗಳಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು ಅವರ ನೆಲದಲ್ಲಿಯೇ ಮಣಿಸಿದ ವರ್ಷದ ವಿಜಯಗಳ ಸ್ಮಾರಕವಾಗಿ ಇಂದೋರಿನಲ್ಲಿ ಕಾಂಕ್ರೀಟಿನ ಒಂದು ಬೃಹತ್ ಬ್ಯಾಟನ್ನು ನಿಲ್ಲಿಸಿದ್ದರು. 42ರ ಸುದ್ದಿ ಬಂದ ಮೇಲೆ ಜನ ಹೋಗಿ ಅದನ್ನೇ ವಿರೂಪಗೊಳಿಸಿದರು. ಮುಂಬಯಿಯಲ್ಲಿ ನಾಯಕ ಅಜಿತ್ ವಾಡೇಕರ್ ಅವರ ಮನೆಯ ಮೇಲೆ ಕಲ್ಲು ಬಿದ್ದಿತು. ಇದನ್ನು ನೆನೆದಾಗ ನನ್ನ ಮನಸ್ಸು ಬೇಗೂರಿನ ಕಡೆಗೆ ಹೊರಳುತ್ತದೆ. ಬೆಂಗಳೂರೆಂಬ ಹೆಸರು ನಮಗೆ ದೊರೆಯುವ ಅತಿ ಹಳೆಯ ಬರಹ ಅಲ್ಲಿನ ಒಂದು ವೀರಗಲ್ಲಿನ ಮೇಲಿದೆ. ಒಂಬತ್ತನೆಯ ಶತಮಾನದ ಕೊನೆಯ ಭಾಗದ ಆ ಶಾಸನವು ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನನ್ನು ಸ್ಮರಿಸುತ್ತದೆ. ಆ ಕಾಳಗದಲ್ಲಿ ಗೆದ್ದವರಾರೆಂದು ಗಾಂಧಿ ಬಜಾರಿನಲ್ಲಿ ನಿಂತು ಕೇಳಿದರೆ ಹೇಳುವವರು ಸಿಕ್ಕಲಾರರು. ಬಿದ್ದವನ ಕಲ್ಲು ಸಾವಿರದ ನೂರು ವರ್ಷಗಳಿಂದ ಉಳಿದಿದೆ. ಆಟದ ಮಾತಿಗೆ ಯುದ್ಧದ ಕಲ್ಲನ್ನು ಎಳೆದು ತಂದನೆಂದು ಓದುಗರು ನಗಬಹುದು, ನಗಲಿ. ಗೆಲುವಿಗೆ ಸ್ಮಾರಕ ಕಟ್ಟಿದವರು ಮೂರು ವರ್ಷ ತಾಳಲಾರದೆ ಹೋದರೆಂಬುದಷ್ಟೆ ನನ್ನ ವಿಸ್ಮಯ.

ಲಾಯ್ಡ್ ಅವರನ್ನು ನಾವು ಇನ್ನೊಮ್ಮೆ ಕಾಣಬೇಕಾಯಿತು. 1996ರ ಮಾರ್ಚ್ 9ರಂದು ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ನಮ್ಮ ಊರಿನಲ್ಲಿ ನಡೆದು, ಬೌಂಡರಿಯ ದಿಕ್ಕನ್ನು ಬ್ಯಾಟಿನಿಂದ ತೋರಿಸಿದ ಅಮೀರ್ ಸೊಹೇಲರ ವಿಕೆಟ್ಟನ್ನು ವೆಂಕಟೇಶ ಪ್ರಸಾದ್ ಮರುಚೆಂಡಿನಲ್ಲಿಯೇ ಹಾರಿಸಿ, ಪಾಕಿಸ್ತಾನವನ್ನು 39 ರನ್ನುಗಳಿಂದ ಸೋಲಿಸಿದ್ದಾಯಿತಷ್ಟೆ. ಆ ಸಂಭ್ರಮ ಆರುವ ಮುನ್ನವೇ, ನಾಲ್ಕು ದಿನಗಳ ಅನಂತರ, ಕೋಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ ಶ್ರೀಲಂಕೆಯ ಎದುರು 1 ವಿಕೆಟ್ಟಿಗೆ 98 ಇದ್ದ ನಮ್ಮ ಮೊತ್ತ 8 ವಿಕೆಟ್ಟಿಗೆ 120 ಆಗುವಷ್ಟರಲ್ಲಿ ಗ್ಯಾಲರಿಗಳಿಂದ ಬಾಟಲಿಗಳು ಹಾರಿದುವು, ಆಸನಗಳಿಗೆ ಬೆಂಕಿ ಬಿದ್ದಿತು; ಆ ದಿನದ ಮ್ಯಾಚ್ ರೆಫರಿ ಪಂದ್ಯವನ್ನು ನಿಲ್ಲಿಸಿ ಶ್ರೀಲಂಕೆಗೆ ಕೊಟ್ಟರು. ಆ ರೆಫರಿ ಕ್ಲೈವ್ ಲಾಯ್ಡ್. ಕೋಲ್ಕತ್ತದವರನ್ನು ಹಳಿಯುವ ಅಧಿಕಾರ ನನಗಿಲ್ಲ. ಆ ರಾತ್ರಿ ಚಾಮರಾಜಪೇಟೆಯ ಬಂಧುಗಳ ಮನೆಯಲ್ಲಿ ಟಿ.ವಿ.ಯ ಮುಂದೆ ಕುಳಿತಿದ್ದ ನಾನು, 65 ರನ್ ಗಳಿಸಿದ್ದ ತೆಂಡೂಲ್ಕರ್ ಜಯಸೂರ್ಯರ ಚೆಂಡಿಗೆ ಸ್ಟಂಪ್ ಆದ ಸ್ವಲ್ಪ ಹೊತ್ತಿಗೆ, ಮಕ್ಕಳು ಬೇಡವೆಂದರೂ ಕೇಳದೆ, ಎದ್ದು ಪೆಟ್ಟಿಗೆಯ ಕಿವಿ ಹಿಂಡಿ ಹೊರಗೆ ಹೋದೆನು. ಅನೇಕ ದಿನಗಳವರೆಗೆ ಕಾಂಬ್ಳಿಯವರನ್ನೂ ಅಜರುದ್ದೀನರನ್ನೂ ಬಾಯಿಗೆ ಬಂದಂತೆ ಅಂದೆನು. ಮುರಿದುಹೋಗುತ್ತಿದ್ದ ಪಿಚ್ಚಿನ ಮೇಲೆ ಚೆಂಡು ಎಷ್ಟು ತಿರುಗುತ್ತಿತ್ತೆಂಬುದನ್ನೂ, ಅದಕ್ಕೆ ಮೊದಲು, ಶ್ರೀನಾಥ್ ಆರಂಭದಲ್ಲಿಯೇ ಎರಡು ವಿಕೆಟ್ ಕಿತ್ತಿದ್ದಾಗಲೂ ಅರವಿಂದ ಡಿ ಸಿಲ್ವ 47 ಚೆಂಡುಗಳಲ್ಲಿ 66 ಹೊಡೆದದ್ದರ ಬೆಲೆ ಏನೆಂಬುದನ್ನೂ ಅರಿತದ್ದು ಬಹುಕಾಲದ ಮೇಲೆ. ನೋಡದವನ ಕೋಪವೆಂದು ಮೇಲೆ ಬರೆದೆನಲ್ಲ, ಅದು ಅನುಭವದ ಮಾತು.

ಇದಕ್ಕೆ ಪ್ರತಿಯಾಗಿ ನಾನು ಎದ್ದುಹೋಗದೆ ಉಳಿದ ದಿನವೊಂದುಂಟು. 1987ರ ಮಾರ್ಚ್ 17. ಪಾಕಿಸ್ತಾನದ ಎದುರಿನ ಐದು ಟೆಸ್ಟ್‌ಗಳ ಸರಣಿಯಲ್ಲಿ ಮೊದಲ ನಾಲ್ಕು ಡ್ರಾ ಆಗಿ, ಬೆಂಗಳೂರಿನ ಐದನೆಯದು ನಿರ್ಣಾಯಕವಾಗಿತ್ತು. ಮೊದಲ ದಿನ ಮಣಿಂದರ್ ಸಿಂಗ್ 27 ರನ್ನುಗಳಿಗೆ 7 ವಿಕೆಟ್ ಕಿತ್ತು ಪಾಕಿಸ್ತಾನವನ್ನು 116ಕ್ಕೆ ಮುಗಿಸಿದಾಗ ನಮ್ಮ ಗೆಲುವು ಖಚಿತವೆಂದು ಮಲ್ಲೇಶ್ವರದಿಂದ ಬಂದಿದ್ದ ನನ್ನ ಮಿತ್ರರು ಮಸಾಲೆದೋಸೆಯ ಪಣ ಕಟ್ಟಿದ್ದರು. ಕೊನೆಗೆ 221 ರನ್ನುಗಳ ಗುರಿ ನಮ್ಮ ಮುಂದೆ ಉಳಿಯಿತು. ಚೆಂಡು ಬಿದ್ದಲ್ಲಿ ಧೂಳೆದ್ದು, ಒಮ್ಮೆ ಎದೆಯ ಮಟ್ಟಕ್ಕೆ ನೆಗೆಯುತ್ತ, ಒಮ್ಮೆ ಪಾದದ ಬಳಿ ಜಾರುತ್ತ ಇದ್ದ ಆ ನೆಲದ ಮೇಲೆ, ಇಕ್ಬಾಲ್ ಖಾಸಿಂ ಮತ್ತು ತೌಸಿಫ್ ಅಹ್ಮದ್ ಎಂಬ ಇಬ್ಬರು ಸ್ಪಿನ್ನರುಗಳನ್ನು ಐದು ಗಂಟೆಗೂ ಮಿಕ್ಕಿ ಎದುರಿಸಿದ ಸುನಿಲ್ ಗಾವಸ್ಕರ್, ಪ್ರತಿಯೊಂದು ಚೆಂಡಿಗೂ ಹೊಸದಾಗಿ ಒಂದು ಉತ್ತರವನ್ನು ಯೋಚಿಸಿ ಕೊಡುತ್ತಿರುವಂತೆ ಆಡಿ, 96ಕ್ಕೆ ಸ್ಲಿಪ್ಪಿನಲ್ಲಿ ಕ್ಯಾಚಿತ್ತರು. ಅದು ಅವರ ಕಡೆಯ ಟೆಸ್ಟ್ ಇನಿಂಗ್ಸ್ ಆಯಿತು. ನಮ್ಮ ಊರಿನ ರೋಜರ್ ಬಿನ್ನಿ ಕೊನೆಯವರಾಗಿ ಔಟಾದಾಗ ಮೊತ್ತ 204. ಸೋಲಿನ ಅಂತರ 16. ಆ ಅಂಗಳದಲ್ಲಿ ನಾನು ನೋಡಿದ ಸಕಲ ಆಟಗಳಲ್ಲಿ ಅತ್ಯುತ್ತಮವಾದುದು ಯಾವುದೆಂದು ಕೇಳಿದರೆ ಈಗಲೂ ಆ 96ನ್ನೇ ಹೇಳುತ್ತೇನೆ. ನಾವು ಗೆದ್ದ ಪಂದ್ಯಗಳಲ್ಲಿ ಅದಕ್ಕೆ ಸಮನಾದದ್ದನ್ನು ಕಂಡಿಲ್ಲ. ದೋಸೆಯನ್ನು, ಅಂದಹಾಗೆ, ಇಂದಿಗೂ ಯಾರೂ ಕೊಡಿಸಿಲ್ಲ.

ನೋಡುವುದರಲ್ಲಿ ಎದುರಾಳಿಯನ್ನು ನೋಡುವುದೂ ಸೇರಿದೆ. ಕನ್ನಡಿಗನಿಗೆ ಇದನ್ನು ಪರದೇಶದವರು ಕಲಿಸಿಕೊಡಬೇಕಾಗಿಲ್ಲ. ಗದಾಯುದ್ಧದಲ್ಲಿ ಸರ್ವಸ್ವವನ್ನೂ ಕಳೆದುಕೊಂಡು ರಣರಂಗದ ಹೆಣಗಳ ನಡುವೆ ಹೋಗುತ್ತಿರುವ ದುರ್ಯೋಧನನು ಶತ್ರುವಿನ ಮಗನಾದ ಅಭಿಮನ್ಯುವಿನ ದೇಹದ ಮುಂದೆ ನಿಂತು ಅವನ ಪರಾಕ್ರಮಕ್ಕೆ ಕೈಮುಗಿಯುವಂತೆ ರನ್ನನು ಚಿತ್ರಿಸಿದ್ದಾನೆ. 1999ರ ಜನವರಿ 31ರಂದು ಚೆನ್ನೈಯಲ್ಲಿ ಪಾಕಿಸ್ತಾನದ ಎದುರಿನ ಟೆಸ್ಟಿನಲ್ಲಿ ಅಂಥದೇ ಒಂದು ಗಳಿಗೆ ಬಂದಿತು. ತೆಂಡೂಲ್ಕರ್ 136 ಹೊಡೆದು ಔಟಾದ ಮೇಲೆ, ಗದಗಿನ ಸುನಿಲ್ ಜೋಶಿಯವರೂ ಹೊರಟುಹೋಗಿ, ಕಡೆಗೆ ಶ್ರೀನಾಥರ ಬ್ಯಾಟಿಗೆ ತಾಗಿದ ಚೆಂಡು ಉರುಳುರುಳುತ್ತ ಹಿಂದಕ್ಕೆ ಸರಿದು ಬೇಲ್ಸನ್ನು ಕೆಡವಿತು. 12 ರನ್ನುಗಳ ಸೋಲು. ಕ್ಷಣಕಾಲ ನಿಶ್ಶಬ್ದವಾಗಿದ್ದ ಆ ಜನಸ್ತೋಮ ಎದ್ದು ನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿತು. ಅವರು ಅಂಗಳವನ್ನು ಒಂದು ಸುತ್ತು ಬಂದು ಆ ಗೌರವವನ್ನು ಸ್ವೀಕರಿಸಿದರು. ಆ ದಿನ ಚೆನ್ನೈಯವರ ಮೇಲೆ ನನಗೆ ಉಂಟಾದ ಮಾತ್ಸರ್ಯ ಇನ್ನೂ ಹೋಗಿಲ್ಲ.

ಆಟಗಾರರು ಕೋಟಿಗಟ್ಟಲೆ ಸಂಪಾದಿಸುವವರು, ಅವರನ್ನು ಪ್ರಶ್ನಿಸಬಾರದೇ ಎಂದು ಕೇಳುವವರಿದ್ದಾರೆ. ಅವಶ್ಯವಾಗಿ ಪ್ರಶ್ನಿಸಬೇಕು. ಮೋಡ ಕವಿದ ಬೆಳಗ್ಗೆ ಬ್ಯಾಟಿಂಗ್ ಆರಿಸಿಕೊಂಡ ನಾಯಕನನ್ನೂ, ರೂಪು ಕಳೆದುಕೊಂಡವನನ್ನು ಹೆಸರಿನ ಬಲದಿಂದ ಉಳಿಸಿಕೊಳ್ಳುವ ಆಯ್ಕೆದಾರರನ್ನೂ ಬೆವರಿಳಿಸುವಂತೆ ಕೇಳುವುದು ಪ್ರೇಕ್ಷಕನ ಹಕ್ಕು. ಆದರೆ 2021ರ ಅಕ್ಟೋಬರಿನಲ್ಲಿ ದುಬೈಯಲ್ಲಿ ಪಾಕಿಸ್ತಾನಕ್ಕೆ 10 ವಿಕೆಟ್ಟುಗಳಿಂದ ಸೋತ ರಾತ್ರಿ ಮೊಹಮ್ಮದ್ ಶಮಿಯವರ ಮತವನ್ನು ಹಿಡಿದು ಹೀಯಾಳಿಸಿದವರೂ, ಅವರ ಪರವಾಗಿ ನಿಂತ ನಾಯಕ ಕೊಹ್ಲಿಯವರ ಹಸುಳೆಯ ಮೇಲೆ ಬಾಯಿಗೆ ತರಬಾರದ ಬೆದರಿಕೆ ಹಾಕಿದವನೂ ಯಾವ ಚೆಂಡನ್ನು ವಿಮರ್ಶಿಸುತ್ತಿದ್ದರು? 2007ರ ಮಾರ್ಚಿನಲ್ಲಿ, ರಾಹುಲ್ ದ್ರಾವಿಡರ ನಾಯಕತ್ವದ ತಂಡ ವಿಶ್ವಕಪ್ಪಿನಲ್ಲಿ ಬಾಂಗ್ಲಾದೇಶಕ್ಕೆ ಸೋತಾಗ, ರಾಂಚಿಯಲ್ಲಿ ಧೋನಿಯವರು ಕಟ್ಟಿಸುತ್ತಿದ್ದ ಮನೆಯ ಮೇಲೆ ಜನ ನುಗ್ಗಿದರು. ಅದೇ ದ್ರಾವಿಡರು ಅದೇ ವರ್ಷದ ಆಗಸ್ಟಿನಲ್ಲಿ ಇಂಗ್ಲೆಂಡಿನ ನೆಲದಲ್ಲಿ, 21 ವರ್ಷಗಳ ಬಳಿಕ, ಟೆಸ್ಟ್ ಸರಣಿಯನ್ನು ಗೆದ್ದುಕೊಟ್ಟರು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆಯವರು ಆ ಸರಣಿಯ ಓವಲ್ ಪಂದ್ಯದಲ್ಲಿ, ತಮ್ಮ 118ನೆಯ ಟೆಸ್ಟಿನಲ್ಲಿ, ಮೊದಲ ಶತಕವನ್ನು ಬಾರಿಸಿದರು. ಐದು ತಿಂಗಳು ಕಾಯುವಷ್ಟು ತಾಳ್ಮೆ ಕಷ್ಟದ್ದೇನೂ ಅಲ್ಲ.

ಉನ್ಮಾದವು ಸೋಲಿಗೆ ಮಾತ್ರ ಅಂಟಿದ ರೋಗವೆಂದು ತಿಳಿದಿದ್ದ ನಮಗೆ 2025ರ ಜೂನ್ 4 ಬೇರೆ ಪಾಠ ಹೇಳಿತು. ನಮ್ಮ ಊರಿನ ತಂಡ ಹದಿನೆಂಟು ವರ್ಷ ಕಾದು ಗೆದ್ದ ಐಪಿಎಲ್ ಕಪ್ಪಿನ ಮೆರವಣಿಗೆಯ ಆಸೆಯಿಂದ ಅದೇ ಚಿನ್ನಸ್ವಾಮಿಯ ಬಾಗಿಲುಗಳಲ್ಲಿ ನೆರೆದವರಲ್ಲಿ 11 ಮಂದಿ ಮನೆಗೆ ಮರಳಲಿಲ್ಲ. ಅದರ ಹೊಣೆ ಯಾರದೆಂಬ ಚರ್ಚೆ ಬೇರೆ. ಇಲ್ಲಿ ಹೆಚ್ಚು ಬರೆಯಲಾರೆನು.

ಅದಕ್ಕೆ ಹಿಂದಿನ ವರ್ಷದ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ತಂಡ ಬಂದಿತ್ತು. ಮೊದಲ ದಿನವೆಲ್ಲ ಮಳೆ. ಎರಡನೆಯ ದಿನ ನಮ್ಮವರು ಟಾಸ್ ಗೆದ್ದು ಬ್ಯಾಟ್ ಹಿಡಿದು, ಮ್ಯಾಟ್ ಹೆನ್ರಿಯವರು 15 ರನ್ನಿಗೆ 5 ವಿಕೆಟ್ ಕಿತ್ತ ಆ ಹೊತ್ತಿನಲ್ಲಿ, ಐವರು ಸೊನ್ನೆ ಸುತ್ತಿ, 46ಕ್ಕೆ ಮುಗಿದರು. ಸ್ವದೇಶದಲ್ಲಿ ಭಾರತದ ಅತ್ಯಲ್ಪ ಮೊತ್ತ ಅದು. ಆಮೇಲೆ ರಚಿನ್ ರವೀಂದ್ರ ತಮ್ಮ ತಂದೆಯ ಊರಿನಲ್ಲಿಯೇ 134 ಹೊಡೆದರು. ಸೊನ್ನೆಗೆ ಔಟಾಗಿದ್ದ ಸರ್ಫರಾಜ್ ಖಾನ್ ಎರಡನೆಯ ಇನಿಂಗ್ಸಿನಲ್ಲಿ 150ನ್ನೂ ಪಂತ್ 99ನ್ನೂ ಗಳಿಸಿ ಆಸೆ ಹುಟ್ಟಿಸಿದರು. ಭಾನುವಾರ, ಐದನೆಯ ದಿನ, ಎದುರಾಳಿಗೆ ಬೇಕಾಗಿದ್ದುದು 107 ಮಾತ್ರ. ಆದರೂ ನಾನು ಹೋದೆನು. ಬುಮ್ರಾ ಅವರ ಮೊದಲ ಓವರಿನಲ್ಲಿಯೇ ಲೇಥಮ್ ಹೋದರು. ಚೆಂಡು ಗಾಳಿಯಲ್ಲಿ ಮಾತನಾಡುತ್ತಿತ್ತು. ಅರ್ಧ ಗಂಟೆಯ ಕಾಲ ಅಸಾಧ್ಯವು ಸಾಧ್ಯವೆನಿಸಿ, ಮತ್ತೆ ಅಸಾಧ್ಯವಾಯಿತು. ಎಂಟು ವಿಕೆಟ್ಟುಗಳ ಸೋಲು. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಮೆಟ್ರೊ ಹತ್ತಿದಾಗ ನನ್ನ ಎದುರಿಗೆ ನೀಲಿ ಅಂಗಿಯ ಇಬ್ಬರು ಹುಡುಗರು ಕುಳಿತಿದ್ದರು. "ಅಷ್ಟು ಮೋಡ ಇತ್ತಲ್ಲೋ, ಬ್ಯಾಟಿಂಗ್ ತಗೊಳ್ಳೋದಾ?" ಎಂದು ಒಬ್ಬನು. "ಪಿಚ್ ಮೇಲೆ ಎರಡು ದಿನ ಹೊದಿಕೆ ಇತ್ತು, ಒಳಗೆ ಹೇಗಿದೆ ಅಂತ ಅವರಿಗೇನು ಕನಸು ಬಿದ್ದಿತ್ತಾ?" ಎಂದು ಇನ್ನೊಬ್ಬನು. ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಾಯಿಸುವಾಗ ಅವರಿಬ್ಬರೂ ಮೆಟ್ಟಿಲಿನ ಮೇಲೆ ನಿಂತು, ಕೈಯಲ್ಲಿ ಇಲ್ಲದ ಚೆಂಡನ್ನು ಹಿಡಿದು ಹೆನ್ರಿಯವರ ಬೆರಳು ಸೀಮಿನ ಮೇಲೆ ಎಲ್ಲಿ ಕೂರುತ್ತದೆಂಬುದನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ನಾನು ಇಳಿಯುವ ಹೊತ್ತಿಗೂ ಅದು ಇತ್ಯರ್ಥವಾಗಿರಲಿಲ್ಲ.