ಬೀಗ ಹಾಕಿದ ಮನೆಯ ಸಂಸಾರ

ಶಾಲೆಗಳಿಗೆ ಬೇಸಿಗೆ ರಜೆ ಸಿಕ್ಕಿತೆಂದರೆ ನಮ್ಮ ಮಂಗಳೂರಿನಲ್ಲಿ ಒಂದು ಉಪದೇಶಪರ್ವವೇ ಆರಂಭವಾಗುತ್ತದೆ. ಮುಂಬಯಿಯ ಮಗಳ ಮನೆಗೋ, ದುಬಾಯಿಯ ಮಗನ ಮನೆಗೋ, ಕಾಶಿ ಯಾತ್ರೆಗೋ ಹೊರಟವರಿಗೆಲ್ಲ ಬಂಧುಗಳೂ ಪತ್ರಿಕೆಗಳೂ ಪೊಲೀಸರೂ ಹೇಳುವ ಮಾತುಗಳು ಹೆಚ್ಚುಕಡಿಮೆ ಒಂದೇ. ಗಟ್ಟಿಯಾದ ಬೀಗ ಹಾಕಿ, ಚಿನ್ನವನ್ನು ಬ್ಯಾಂಕಿನ ಲಾಕರಿನಲ್ಲಿಡಿ, ಪೇಪರು ಹಾಲು ನಿಲ್ಲಿಸಿ, ಗ್ಯಾಸಿನ ರೆಗ್ಯುಲೇಟರ್ ಮುಚ್ಚಿ, ಗೇಟಿನ ಮೇಲೊಂದು ಕ್ಯಾಮರಾ ಕೂರಿಸಿ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಈ ಪಟ್ಟಿಯನ್ನು ಎಷ್ಟು ಸಲ ಓದಿದರೂ ಅದರಲ್ಲಿ ನೀರು ಎಂಬ ಪದ ಕಾಣಸಿಗುವುದಿಲ್ಲ ಎಂಬುದೇ ನನ್ನ ತಕರಾರು.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ಸಿಂಹಪಾಲು ಅನೇಕ ವರ್ಷಗಳ ಕಾಲ ನಮ್ಮ ಜಿಲ್ಲೆಯದೇ ಆಗಿತ್ತು. ಇಂಥ ಊರಿನಲ್ಲಿ ನೀರಿನ ವ್ಯವಸ್ಥೆ ಮಾಡದೆ ಮನೆಗೆ ಬೀಗ ಹಾಕಿ ಹೊರಡುವವನು ಪ್ರಯಾಣಕ್ಕೆ ಸಿದ್ಧನಾದವನೆಂದು ನಾನು ಒಪ್ಪಲಾರೆ. ಕಳ್ಳ ಬಂದರೆ ನಷ್ಟವಾಗುವುದು ಮನೆಯ ಯಜಮಾನನಿಗೆ. ಸೊಳ್ಳೆ ಹುಟ್ಟಿದರೆ ಯಜಮಾನ ದುಬಾಯಿಯಲ್ಲಿ ಸುಖವಾಗಿರುತ್ತಾನೆ, ಜ್ವರ ಬರುವುದು ಪಕ್ಕದ ಮನೆಯ ಮಗುವಿಗೆ. ನಾವು ಮೊದಲನೆಯದಕ್ಕೆ ಮಾತ್ರ ಸಿದ್ಧತೆ ಮಾಡುತ್ತೇವೆ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನ ಪಾಠ ಮಾಡಿದವನಾದ್ದರಿಂದ ಸ್ವಲ್ಪ ಪಾಠದ ಧಾಟಿ ಬಂದರೆ ಓದುಗರು ಕ್ಷಮಿಸಬೇಕು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕೊಳಚೆ ಚರಂಡಿಯನ್ನು ಹುಡುಕಿಕೊಂಡು ಹೋಗುವ ಜಾತಿಯಲ್ಲ. ಅದಕ್ಕೆ ಬೇಕಾದದ್ದು ಮನೆಯ ಸುತ್ತಲಿನ ತಿಳಿನೀರು. ಹೂವಿನ ಕುಂಡದ ಅಡಿಯ ತಟ್ಟೆ, ಅಂಗಳದಲ್ಲಿ ಬಿದ್ದ ಅಡಿಕೆಯ ಹಾಳೆ, ತೆಂಗಿನ ಗೆರಟೆ, ತಾರಸಿಯ ಮೂಲೆಯ ಹಳೆಯ ಟೈರು, ಫ್ರಿಜ್ಜಿನ ಹಿಂಬದಿಯಲ್ಲಿ ಯಾರೂ ನೋಡದ ಆ ಪುಟ್ಟ ತಟ್ಟೆ, ಇಷ್ಟು ಸಾಕು. ಮೊಟ್ಟೆಯು ಹಾರುವ ಸೊಳ್ಳೆಯಾಗಲು ನಮ್ಮ ಸೆಕೆಯಲ್ಲಿ ಎಂಟು ಹತ್ತು ದಿನ ಸಾಕಾಗುತ್ತದೆ. ಮನೆಯಲ್ಲಿ ಜನರಿದ್ದರೆ ಅಷ್ಟರೊಳಗೆ ಯಾರಾದರೂ ನೀರು ಚೆಲ್ಲುತ್ತಾರೆ, ಗುಡಿಸುತ್ತಾರೆ, ಫ್ಲಶ್ ಎಳೆಯುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಇದಾವುದೂ ನಡೆಯುವುದಿಲ್ಲ. ನಾವು ಹೊರಟ ಮೇಲೆ ಮನೆ ಖಾಲಿಯಾಯಿತೆಂದು ಭಾವಿಸುವುದು ನಮ್ಮ ಭ್ರಮೆ. ಅಲ್ಲಿ ಬೇರೊಂದು ಸಂಸಾರ ಆರಂಭವಾಗಿರುತ್ತದೆ.

ಬರಿದೆ ನೀರು ಚೆಲ್ಲಿದರೂ ಸಾಲದು. ಈ ಸೊಳ್ಳೆ ಮೊಟ್ಟೆಯಿಡುವುದು ಪಾತ್ರೆಯ ಗೋಡೆಗೆ, ನೀರಿನ ಮಟ್ಟಕ್ಕಿಂತ ತುಸು ಮೇಲೆ. ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿಕೊಂಡೇ ಇದ್ದು, ಮತ್ತೆ ನೀರು ತಾಗಿದಾಗ ಒಡೆಯಬಲ್ಲದು. ಏಪ್ರಿಲಿನಲ್ಲಿ ಚೆಲ್ಲಿ ಮಗುಚದೆ ಬಿಟ್ಟ ಡ್ರಮ್ಮಿಗೆ ಜೂನಿನ ಮಳೆ ಬಿದ್ದಾಗ ಏನಾಗುತ್ತದೆಂದು ಊಹಿಸಿಕೊಳ್ಳಿ. ಆದುದರಿಂದ ಒಳಗೋಡೆಯನ್ನು ಬ್ರಶ್ಶಿನಿಂದ ಉಜ್ಜಿ ತೊಳೆಯಬೇಕು, ಒಣಗಿಸಿ ಕವುಚಿ ಹಾಕಬೇಕು.

ಡ್ರಮ್ಮಿನ ಮಾತು ಬಂದಿತಲ್ಲ, ಅದರ ಹಿಂದಿನ ಕಥೆಯನ್ನೂ ಹೇಳಬೇಕು. ನಗರಕ್ಕೆ ನೀರು ಬರುವುದು ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಮಳೆ ತಡವಾದ ವರ್ಷಗಳಲ್ಲಿ ಅಲ್ಲಿ ಮಟ್ಟ ಇಳಿದು ಸರದಿಯ ಮೇಲೆ ನೀರು ಬಿಡುತ್ತಾರೆ. 2016ರಲ್ಲಿ, 2019ರಲ್ಲಿ, 2023ರಲ್ಲಿ ಹಾಗೆಯೇ ಆಯಿತು. ಸರದಿ ಎಂದೊಡನೆ ನಾವು ಹಂಡೆ, ಬಕೆಟ್, ಬಣ್ಣದ ಡಬ್ಬ ಯಾವುದನ್ನೂ ಬಿಡದೆ ತುಂಬಿಸುತ್ತೇವೆ. ಅದೇ ತಿಂಗಳಲ್ಲಿ ಮಕ್ಕಳ ರಜೆಯೂ ಬರುತ್ತದೆ. ತುಂಬಿಸಿದ ನೀರನ್ನು ಚೆಲ್ಲಲು ಮನಸ್ಸು ಬಾರದೆ, ಬಂದ ಮೇಲೆ ಬೇಕಾಗಬಹುದೆಂದು ಹಾಗೆಯೇ ಇಟ್ಟು ರೈಲು ಹತ್ತುತ್ತೇವೆ. ನೀರಿನ ಮೇಲಿನ ಈ ಮಮತೆ ನನಗೂ ಅರ್ಥವಾಗುತ್ತದೆ. ಚೆಲ್ಲಬೇಡಿ, ಪಕ್ಕದ ಮನೆಯವರಿಗೆ ಕೊಟ್ಟು ಹೋಗಿ. ತೆಂಗಿನ ಬುಡಕ್ಕಾದರೂ ಹಾಕಿ.

2019ರ ಮಳೆಗಾಲವನ್ನು ಮಂಗಳೂರಿಗರು ಮರೆತಿರಲಾರರು. ಗುಜ್ಜರಕೆರೆ, ಜೆಪ್ಪು ಮೊದಲಾದ ಕಡೆಗಳಲ್ಲಿ ಡೆಂಗ್ಯೂ ಹಬ್ಬಿ ನೂರಾರು ಮಂದಿ ಆಸ್ಪತ್ರೆ ಸೇರಿದರು, ಪ್ರಾಣ ಕಳೆದುಕೊಂಡವರೂ ಇದ್ದರು. ನಮ್ಮ ಬೀದಿಯಲ್ಲಿ ಆಗ ಎರಡು ಅಂತಸ್ತಿನ ಒಂದು ಮನೆಗೆ ತಿಂಗಳುಗಳಿಂದ ಬೀಗ ಬಿದ್ದಿತ್ತು. ಲಾರ್ವಾ ಹುಡುಕುತ್ತ ಬಂದ ಕಾರ್ಯಕರ್ತೆಯರು ಮೂರು ಸಲ ಗೇಟು ಅಲ್ಲಾಡಿಸಿ ಹಿಂದಿರುಗಿದರು. ಎದುರುಮನೆಯ ಒಂಬತ್ತನೆಯ ತರಗತಿಯ ಹುಡುಗ ಜ್ವರದಿಂದ ಮಲಗಿ, ಪ್ಲೇಟ್‌ಲೆಟ್ ಇಳಿಯುತ್ತಿದೆಯೆಂದು ಅವನ ತಾಯಿ ಆಸ್ಪತ್ರೆಯ ಮೆಟ್ಟಿಲಲ್ಲಿ ಕುಳಿತು ಅಳುತ್ತಿದ್ದಾಗಲೂ ಆ ಗೇಟು ತೆರೆಯಲಿಲ್ಲ. ಕಡೆಗೆ ಯಜಮಾನರ ಫೋನ್ ನಂಬರು ಸಿಕ್ಕಿ, ಅವರ ಭಾವಮೈದುನ ಕೀಲಿಕೈ ತಂದು ತಾರಸಿ ಹತ್ತಿದಾಗ ಮುಚ್ಚಳ ಹಾರಿಹೋದ ಸಿಂಟೆಕ್ಸ್ ಟ್ಯಾಂಕಿನಲ್ಲಿ ಹುಳುಗಳು ಕುಣಿಯುತ್ತಿದ್ದುವು. ಹುಡುಗ ಗುಣವಾದ. ಅವನನ್ನು ಕಚ್ಚಿದ ಸೊಳ್ಳೆ ಆ ಟ್ಯಾಂಕಿನದೇ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಈಡಿಸ್ ಸಾಮಾನ್ಯವಾಗಿ ಹುಟ್ಟಿದಲ್ಲಿಂದ ನೂರಿನ್ನೂರು ಮೀಟರ್ ಆಚೆಗೆ ಹೋಗುವುದಿಲ್ಲ. ಆ ಗೇಟಿಗೂ ಹುಡುಗನ ಕೋಣೆಗೂ ನಡುವೆ ಇದ್ದದ್ದು ಒಂದು ರಸ್ತೆ. ಅದೇ ಮನೆಯ ಗೇಟಿನ ಮೇಲೆ ಕ್ಯಾಮರಾ ಇತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

‘ಇದೆಲ್ಲ ಮಹಾನಗರಪಾಲಿಕೆಯ ಕೆಲಸ ಮಾಸ್ತರರೇ, ಅವರು ಹೊಗೆ ಬಿಡಲಿ’ ಎನ್ನುವವರಿದ್ದಾರೆ. ಹೊಗೆ ಕೊಲ್ಲುವುದು ಹಾರುವ ಸೊಳ್ಳೆಯನ್ನು. ನೀರಿನೊಳಗಿನ ಮರಿಗಳಿಗೆ ಅದರ ಪರಿವೆಯೂ ಇರುವುದಿಲ್ಲ. ಮೇಲಾಗಿ, ಬೀಗ ಹಾಕಿದ ಮನೆಯೊಳಗೆ ಪಾಲಿಕೆಯವನು ಗೋಡೆ ಹಾರಿ ಬರಬೇಕೇ? ಬಂದರೆ ನಾವೇ ಪೊಲೀಸರನ್ನು ಕರೆಯುತ್ತೇವೆ.

ಈ ಮನೋಭಾವ ಇಂದಿನದಲ್ಲ. ಮಲೇರಿಯಾದ ಗುಟ್ಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಬಯಲಿಗೆಳೆದ ರೊನಾಲ್ಡ್ ರಾಸ್, ಅದಕ್ಕೂ ಬಹಳ ಮೊದಲು, 1883ರಲ್ಲಿ, ನಮ್ಮ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ. ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳುಗಳನ್ನು ಕಂಡು ಅದನ್ನು ಮಗುಚಿ ಹಾಕಿದ, ಕಾಟ ಕಡಿಮೆಯಾಯಿತು. ಊಟದ ಮನೆಯ ಸುತ್ತಲಿನ ನೀರನ್ನೂ ಹೀಗೆಯೇ ಚೆಲ್ಲಿಸೋಣವೆಂದು ಅಲ್ಲಿನ ಅಧಿಕಾರಿಗೆ ಸೂಚಿಸಿದರೆ, ಸೊಳ್ಳೆಗಳನ್ನು ಸೃಷ್ಟಿಸಿದ್ದಕ್ಕೂ ಏನಾದರೂ ಉದ್ದೇಶವಿರಬೇಕು, ಸಹಿಸಿಕೊಳ್ಳಬೇಕು ಎಂಬ ಅರ್ಥದ ಉತ್ತರ ಬಂದಿತಂತೆ. ರಾಸ್ ತನ್ನ ನೆನಪುಗಳಲ್ಲಿ ಇದನ್ನು ಬರೆದುಕೊಂಡಿದ್ದಾನೆ. ಆ ಅಧಿಕಾರಿಯ ಸಂತತಿ ನಮ್ಮ ಅಪಾರ್ಟ್‌ಮೆಂಟ್ ಸಭೆಗಳಲ್ಲಿ ಈಗಲೂ ಮುಂದಿನ ಸಾಲಿನಲ್ಲಿ ಕುಳಿತಿರುತ್ತದೆ.

ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ನನ್ನ ಬಾಲ್ಯದ ಹಂಚಿನ ಮನೆಗಳಿಗೆ ಬೀಗ ಹಾಕುವ ಸಂದರ್ಭವೇ ಅಪರೂಪ. ಎಲ್ಲರೂ ಮದುವೆಗೆ ಹೋದರೂ ದೇವರಿಗೆ ದೀಪ ಹಚ್ಚಲೊಬ್ಬ ಅಜ್ಜಿ, ಹಟ್ಟಿಯ ದನ ನೋಡಲೊಬ್ಬ ಆಳು ಉಳಿಯುತ್ತಿದ್ದರು. ಅಜ್ಜಿಯೂ ಇಲ್ಲ, ಹಟ್ಟಿಯೂ ಇಲ್ಲವಾದ ಮೇಲೆ ಅವರು ಮಾಡುತ್ತಿದ್ದ ಕೆಲಸವನ್ನು ಹೊರಡುವವನೇ ಮುಂಗಡವಾಗಿ ಮಾಡಿ ಮುಗಿಸಬೇಕಷ್ಟೆ. ಅರ್ಧ ದಿನದ ಕೆಲಸ ಅದು. ತಾರಸಿಯ ಟ್ಯಾಂಕಿಗೆ ಮುಚ್ಚಳ ಕಟ್ಟಬೇಕು. ನಗರದಲ್ಲಿ ಮಲೇರಿಯಾ ಹರಡುವ ಸ್ಟೀಫೆನ್ಸಿ ಸೊಳ್ಳೆಗೆ ಟ್ಯಾಂಕು, ಬಾವಿಗಳೆಂದರೆ ಪ್ರೀತಿ. ಬಾವಿಗೆ ಬಲೆ ಹೊದಿಸಿ, ಗಪ್ಪಿ ಮೀನು ಬಿಡಬೇಕು. ಕಮೋಡಿನ ಮುಚ್ಚಳ ಹಾಕಿ ಫ್ಲಶ್ ಟ್ಯಾಂಕು ಬರಿದು ಮಾಡಬೇಕು. ಫ್ರಿಜ್ಜು ಆರಿಸಿ, ಹಿಂದಿನ ತಟ್ಟೆ ಒರೆಸಿ, ಬಾಗಿಲನ್ನು ತುಸು ತೆರೆದಿಡಬೇಕು. ಮಳೆ ನೀರು ಹೋಗುವ ದಂಬೆಯಲ್ಲಿ ಸಿಕ್ಕಿದ ಎಲೆ ತೆಗೆಯಬೇಕು.

ಮನೆಯಷ್ಟೇ ಅಲ್ಲ, ದೇಹಕ್ಕೂ ಇಷ್ಟೇ ಗಮನ ಸಲ್ಲಬೇಕು. ವೈವ್ಯಾಕ್ಸ್ ಮಲೇರಿಯಾಕ್ಕೆ ಪ್ರಿಮಾಕ್ವಿನ್ ಮಾತ್ರೆಯನ್ನು ಹದಿನಾಲ್ಕು ದಿನ ನುಂಗಬೇಕು. ಜ್ವರ ಬಿಟ್ಟಿತೆಂದು ಐದನೆಯ ದಿನ ಮಾತ್ರೆಯನ್ನು ಮನೆಯಲ್ಲಿಟ್ಟು ಪ್ರವಾಸ ಹೊರಡುವವರನ್ನು ಕಂಡಿದ್ದೇನೆ. ಯಕೃತ್ತಿನಲ್ಲಿ ಅಡಗಿದ ರೋಗಾಣು ತಿಂಗಳುಗಳ ಬಳಿಕ ಮತ್ತೆ ಎದ್ದು, ಆ ಊರಿನ ಸೊಳ್ಳೆಗಳಿಗೂ ಉಡುಗೊರೆಯಾಗುತ್ತದೆ.

ರಾಜ್ಯ ಸರಕಾರ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆಮರಿ ಕಂಡ ನಗರದ ಮನೆಗೆ 400 ರೂಪಾಯಿ, ಕಟ್ಟಡ ಕಾಮಗಾರಿಗೂ ಖಾಲಿ ಜಾಗಕ್ಕೂ 2,000 ರೂಪಾಯಿ ದಂಡ ಗೊತ್ತುಮಾಡಿತು. ವಿಮಾನದ ಟಿಕೆಟು ಕೊಂಡವನಿಗೆ 400 ರೂಪಾಯಿ ಯಾವ ಲೆಕ್ಕ? ಅದಿರಲಿ, ಮನೆಯಲ್ಲೇ ಇರುವ ಬಡವನ ಬಕೆಟ್ಟು ತಪಾಸಣೆಗೆ ಸಿಗುತ್ತದೆ, ಬೀಗ ಹಾಕಿದವನ ತಾರಸಿ ಸಿಗುವುದಿಲ್ಲ. ಬಂಗಲೆಗೆ ಹೆಚ್ಚೆಂದರೆ ಗೇಟಿಗೆ ಅಂಟಿಸಿದ ಒಂದು ನೋಟೀಸು. ಅದೂ ಮಳೆಗೆ ತೊಯ್ದು ಹೋಗುತ್ತದೆ.

ಆದುದರಿಂದ ಅಪಾರ್ಟ್‌ಮೆಂಟುಗಳ, ಬಡಾವಣೆಗಳ ಸಂಘದವರಲ್ಲಿ ನನ್ನ ಬೇಡಿಕೆ ಒಂದೇ. ಹತ್ತು ದಿನಕ್ಕಿಂತ ಹೆಚ್ಚು ಕಾಲ ಮನೆ ಬಿಡುವವರಿಂದ ನೀವು ಕಾರಿನ ನಂಬರು, ವಿದೇಶದ ಫೋನ್ ನಂಬರು ಎಲ್ಲ ಬರೆಸಿಕೊಳ್ಳುತ್ತೀರಿ. ತಾರಸಿಯ ಕೀಲಿಕೈ ಯಾರ ಬಳಿ ಇದೆ, ವಾರಕ್ಕೊಮ್ಮೆ ಮೇಲೆ ಹತ್ತಿ ನೋಡುವವರು ಯಾರು ಎಂಬ ಎರಡು ಸಾಲನ್ನೂ ಅದೇ ಪುಸ್ತಕದಲ್ಲಿ ಬರೆಸಿಕೊಳ್ಳಿ. ಹೆಸರು ಕೊಡಲು ಯಾರೂ ಇಲ್ಲವೆನ್ನುವವರಿಗೆ ಕಾವಲುಗಾರನಿಗೆ ಕೊಡಬೇಕಾದ ಭತ್ಯ ಇಷ್ಟೆಂದು ತಿಳಿಸಿ, ಅದನ್ನು ಹೊರಡುವ ಮೊದಲೇ ವಸೂಲು ಮಾಡಿ.