ಸರ್ವೇಯರ್ ಲೈಸೆನ್ಸ್ ಬೇಕು, ಆದರೆ ಅದು ಕಾಯಬೇಕಾದ್ದು ಯಾರನ್ನು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕಿನಲ್ಲಿ ತೆವರಿ ಜಗಳ ಇಲ್ಲದ ಊರು ಹುಡುಕುವುದು ಕಷ್ಟ. ಒಡಹುಟ್ಟಿದವರೇ ಮಾತು ಬಿಟ್ಟಿರುತ್ತಾರೆ. ಕಾರಣ ಕೇಳಿದರೆ ಎರಡು ಗುಂಟೆ, ಮೂರು ಗುಂಟೆ.

"ಫೋನಿನಲ್ಲೇ ಜಿಪಿಎಸ್ ಇದೆ, ಅಳೆಯೋಕೆ ಲೈಸೆನ್ಸ್ ಯಾಕೆ? ಗೊತ್ತಿರೋರು ಅಳೀಲಿ ಬಿಡಿ" ಎನ್ನುವವರಿದ್ದಾರೆ. 2022ರಲ್ಲಿ ಸರ್ಕಾರವೇ ಸ್ವಾವಲಂಬಿ ಆ್ಯಪ್ ತಂದು, ನಿಮ್ಮ ಜಮೀನಿನ ನಕ್ಷೆ ನೀವೇ ಮಾಡಿಕೊಳ್ಳಿ ಎಂದಿತಲ್ಲ ಎಂದೂ ಕೇಳುತ್ತಾರೆ.

ನಾವು ಇದನ್ನು ಒಪ್ಪುವುದಿಲ್ಲ. ಲೆಕ್ಕ ನೋಡಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. ಫೋನಿನ ಜಿಪಿಎಸ್ ಹತ್ತು ಅಡಿ ಆಚೀಚೆ ತೋರಿಸುವುದು ಮಾಮೂಲಿ. 300 ಅಡಿ ಉದ್ದದ ತೆವರಿ ಹತ್ತು ಅಡಿ ಸರಿದರೆ ಎರಡೂವರೆ ಗುಂಟೆಗೂ ಹೆಚ್ಚು ಹೋಯಿತು.

ಕ್ಷೌರ ಕೆಟ್ಟರೆ ಕೆಡುವುದು ನಮ್ಮದೇ ತಲೆ, ತಿಂಗಳಲ್ಲಿ ಕೂದಲು ಬೆಳೆಯುತ್ತದೆ. ಅಳತೆ ಕೆಟ್ಟರೆ ಕೆಡುವುದು ಪಕ್ಕದವನ ಹೊಲ. ಅವನು ಸರ್ವೇಯರನ್ನು ಕರೆದಿರಲಿಲ್ಲ, ದುಡ್ಡೂ ಕೊಟ್ಟಿರಲಿಲ್ಲ. ಲೈಸೆನ್ಸ್ ಬೇಕಾಗಿರುವುದು ಆ ಪಕ್ಕದವನಿಗಾಗಿ.

ಆದರೆ ಈಗಿರುವ ಲೈಸೆನ್ಸ್ ಅವನನ್ನು ಕಾಯುತ್ತಿದೆಯೇ?

1964ರ ಭೂ ಕಂದಾಯ ಕಾಯ್ದೆಯ 18ಎ ಕಲಂ ಪ್ರಕಾರ ಖಾಸಗಿಯವರಿಗೆ ಸರ್ವೆ ಪರವಾನಗಿ ಕೊಡುತ್ತಾರೆ. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾರಬೇಕಾದರೆ 11ಇ ನಕ್ಷೆ ಬೇಕು. ಅದಿಲ್ಲದೆ ನೋಂದಣಿ ಇಲ್ಲ. ಆ ನಕ್ಷೆ ಹೆಚ್ಚಾಗಿ ಇವರ ಕೈಯಿಂದಲೇ ಬರಬೇಕು. ಇವರಿಗೆ ಸಂಬಳವಿಲ್ಲ, ಫೈಲಿಗಿಷ್ಟು ಎಂದು ದುಡ್ಡು. ಬೇಗ ಮುಗಿಸಿದಷ್ಟೂ ಲಾಭ. ಬಿಸಿಲಲ್ಲಿ ಕಲ್ಲು ಹುಡುಕುತ್ತಾ ನಿಂತವನಿಗೆ ನಷ್ಟ. ಉದ್ಯೋಗ ಭದ್ರತೆ ಬೇಕೆಂದು ಇವರು ಕೇಳುತ್ತಿರುವುದು ನ್ಯಾಯವೇ. ಆದರೆ ಭದ್ರತೆಯ ಜೊತೆ ಹೊಣೆಯೂ ಬರಬೇಕು.

ನಮ್ಮ ಬಳಗದ ಒಬ್ಬರ ಮನೆಯಲ್ಲೇ ಹೀಗಾಯಿತು. ಪಕ್ಕದ ಜಮೀನಿನ ಅಳತೆಗೆ ಇವರಿಗೆ ನೋಟಿಸ್ ಬರಲೇ ಇಲ್ಲ. ನಕ್ಷೆಯಾಗಿ, ನೋಂದಣಿಯೂ ಆದಮೇಲೆ ಗೊತ್ತಾಯಿತು. ಕಚೇರಿಗೆ ಹೋದರೆ "ಅಪೀಲು ಹಾಕಿ" ಎಂದರು. ತಪ್ಪು ಬೇರೆಯವರದು, ಬಸ್ ಚಾರ್ಜು, ವಕೀಲರ ಫೀಜು ಇವರದು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಲ್ಲೇ ಕಂಪನಿಯವರು ಕಾಲಿನ್ ಮೆಕೆಂಜಿಯನ್ನು ಮೈಸೂರು ಸೀಮೆಯ ಸರ್ವೆಗೆ ಇಳಿಸಿದರು. ಅಳೆಯುವ ಅಧಿಕಾರ ಎಷ್ಟು ದೊಡ್ಡದೆಂದು ಗೆದ್ದವರಿಗೆ ಗೊತ್ತಿತ್ತು. ಅಂಥ ಅಧಿಕಾರವನ್ನು ಲೆಕ್ಕ ಕೇಳದೆ ಯಾರ ಕೈಗೂ ಕೊಡಬಾರದು.

ಹಾಗಾಗಿ ನಾವು ಕೇಳುವುದು ಇಷ್ಟೇ. ಪ್ರತಿ ಪಂಚಾಯಿತಿ ಗೋಡೆಯ ಮೇಲೆ ಸರ್ವೆ ಶುಲ್ಕ ಮತ್ತು ಲೈಸೆನ್ಸ್ ಇರುವವರ ಪಟ್ಟಿ ಇರಲಿ. ಅಕ್ಕಪಕ್ಕದವರ ಸಹಿ ಇಲ್ಲವೇ ನೋಟಿಸ್ ಮುಟ್ಟಿದ ಪುರಾವೆ ಇಲ್ಲದೆ ನಕ್ಷೆ ಒಪ್ಪುವುದು ಬೇಡ. ತಪ್ಪು ಅಳತೆ ಸಾಬೀತಾದರೆ ಮರುಅಳತೆಯ ಖರ್ಚು ಅಳೆದವರೇ ಭರಿಸಲಿ. ಮೇಲಿಂದ ಮೇಲೆ ತಪ್ಪಿದರೆ ಲೈಸೆನ್ಸ್ ಹೋಗಲಿ.

ಅಲ್ಲಿಯವರೆಗೆ ನಿಮ್ಮ ಕೈಲಿರುವುದನ್ನು ಮಾಡಿ. ಸರ್ವೇಯರ್ ಬಂದಾಗ ಲೈಸೆನ್ಸ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಹಳೆಯ ಟಿಪ್ಪಣಿ ಮತ್ತು ಆಕಾರಬಂದ್ ಪ್ರತಿ ಕೈಲಿರಲಿ. ಅಳೆಯುವಾಗ ಪಕ್ಕದವರನ್ನೂ ಕರೆದು ನಿಲ್ಲಿಸಿಕೊಳ್ಳಿ. ಅವರು ಬರದೇ ಇದ್ದರೆ ಅಂದು ಸಹಿ ಹಾಕಬೇಡಿ.