ಮನೆಗೆ ಬರುವ ತಂತಿಗಳ ವಿಚಾರ



ಈ ಪುಟಕ್ಕೆ ಬರುವ ಪತ್ರಗಳಲ್ಲಿ ಈಚೆಗೆ ಒಂದು ಹೊಸ ಬಗೆಯ ಪ್ರಶ್ನೆ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಹೊರದೇಶದಲ್ಲೋ ನೆಲೆಸಿರುತ್ತಾರೆ. ಊರಿನ ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇಬ್ಬರೇ. ಮಗನು ದೂರದಿಂದಲೇ ಹಣ ಕಟ್ಟಿ ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸುತ್ತಾನೆ, ಹಳೆಯ ಕೇಬಲನ್ನು ತೆಗೆಸುತ್ತಾನೆ, ಟಿವಿಯನ್ನೂ ದೂರವಾಣಿಯನ್ನೂ ಆ ಒಂದೇ ತಂತಿಗೆ ಜೋಡಿಸಿ 'ಇನ್ನು ಒಂದೇ ಬಿಲ್ಲು, ನಿಶ್ಚಿಂತೆ' ಎನ್ನುತ್ತಾನೆ. ಮುಂಗಾರಿನ ಮೊದಲ ಬಿರುಗಾಳಿಗೆ ಬೀದಿಯ ಮರದ ಕೊಂಬೆ ಮುರಿದು ತಂತಿ ತುಂಡಾಯಿತೆಂದರೆ, ವಾರ್ತೆಯೂ ಇಲ್ಲ, ಮಗನ ಮುಖವೂ ಇಲ್ಲ, ಮನೆಯ ಫೋನೂ ಇಲ್ಲ. ಇಂತಹ ಮನೆಗೆ ಯಾವ ಸೇವೆ ಹಿತ, ಕೆಟ್ಟಾಗ ಏನು ಮಾಡಬೇಕು ಎಂಬುದು ಪತ್ರಗಳ ತಾತ್ಪರ್ಯ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಿರಿಯರು ಮಾತ್ರ ಇರುವ ಮನೆಯಲ್ಲಿ ಟಿವಿಯನ್ನೂ ಇಂಟರ್ನೆಟ್ಟನ್ನೂ ಒಂದೇ ತಂತಿಗೆ ಕಟ್ಟಬಾರದು. ಯುವಕರ ಮನೆಯಲ್ಲಿ ಅದು ಸಲ್ಲುತ್ತದೆ. ತಂತಿ ತುಂಡಾದರೆ ಅವರ ಕೈಯಲ್ಲಿ ಮೊಬೈಲು ಇದೆ. ಹಿರಿಯರಿಗಾದರೋ ಒಂದು ನಿಂತಾಗ ಇನ್ನೊಂದು ಉಳಿದಿರುವುದೇ ದೊಡ್ಡ ಆಸರೆ.

ಹಾಗಾದರೆ ಎರಡು ಖರ್ಚು ಬರುವುದಿಲ್ಲವೇ ಎಂದು ಕೇಳಬಹುದು. ಬರಲೇಬೇಕೆಂದಿಲ್ಲ. ದೂರದರ್ಶನದ 'ಫ್ರೀ ಡಿಶ್' ಸೇವೆ ೨೦೦೪ರ ಡಿಸೆಂಬರಿನಲ್ಲಿ ಆರಂಭವಾದುದು. ಡಿಶ್ಶನ್ನೂ ಪೆಟ್ಟಿಗೆಯನ್ನೂ ಒಮ್ಮೆ ಕೊಂಡರಾಯಿತು, ತಿಂಗಳ ಶುಲ್ಕವೆಂಬುದೇ ಇಲ್ಲ. ಚಂದನ ವಾಹಿನಿ ಅದರಲ್ಲಿ ಬರುತ್ತದೆ. ಆದರೆ ಧಾರಾವಾಹಿಗಳಿಂದ ಹೆಸರಾದ ಕನ್ನಡದ ಪಾವತಿ ವಾಹಿನಿಗಳು ಅಲ್ಲಿಲ್ಲ. ಸಂಜೆಯ ಧಾರಾವಾಹಿ ತಪ್ಪಿದರೆ ಊಟ ರುಚಿಸದ ಮನೆಗಳಿಗೆ ಅದು ಸಾಲದು. ಅಂಥವರು ಕೇಬಲ್ ಅಥವಾ ಖಾಸಗಿ ಡಿಟಿಎಚ್ ತೆಗೆದುಕೊಳ್ಳಬೇಕು. ಇಲ್ಲಿ ಬಿಲ್ಲಿನ ರಚನೆಯನ್ನು ತಿಳಿಯದವರೇ ಹೆಚ್ಚು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ನಿಯಮ ೨೦೧೯ರ ಫೆಬ್ರವರಿ ೧ರಿಂದ ಜಾರಿಗೆ ಬಂದಾಗ, ಮೊದಲ ೧೦೦ ವಾಹಿನಿಗಳನ್ನು ಮನೆಗೆ ತಲುಪಿಸುವ ಜಾಲಶುಲ್ಕ ತೆರಿಗೆಯ ಹೊರತಾಗಿ ೧೩೦ ರೂಪಾಯಿ ಮೀರಬಾರದೆಂದಿತ್ತು; ೨೦೨೦ರ ಮಾರ್ಚಿನಿಂದ ಅದೇ ಮೊತ್ತಕ್ಕೆ ೨೦೦ ವಾಹಿನಿಗಳಾದವು. ೨೦೨೪ರ ಜುಲೈಯಲ್ಲಿ ಪ್ರಾಧಿಕಾರ ಆ ಮಿತಿಯನ್ನೇ ತೆಗೆದುಹಾಕಿತು. ಆದುದರಿಂದ ಜಾಲಶುಲ್ಕ ಎಲ್ಲರದೂ ಒಂದೇ ಎಂದು ಭಾವಿಸದೆ ಇಬ್ಬರು ಮೂವರನ್ನು ಕೇಳಿ ನೋಡುವುದು ವಿಹಿತ. ಇದರ ಮೇಲೆ ಪಾವತಿ ವಾಹಿನಿಗಳ ಬೆಲೆ ಬೇರೆ. ಅವುಗಳನ್ನು ಗುಚ್ಛವಾಗಿಯೇ ಕೊಳ್ಳಬೇಕೆಂಬ ಕಟ್ಟಳೆಯಿಲ್ಲ. ಒಂದೊಂದಾಗಿ ಆರಿಸುವ ಹಕ್ಕು ಗ್ರಾಹಕನದು. ಒಂದು ವಾರ ಮನೆಯಲ್ಲಿ ನಿಜವಾಗಿ ನೋಡಿದ ವಾಹಿನಿಗಳನ್ನು ಚೀಟಿಯಲ್ಲಿ ಬರೆದಿಡಿ. ಚೀಟಿ ಬಹಳ ಉದ್ದವಾಗಲಾರದು.

ಇಂಟರ್ನೆಟ್ಟಿನ ವಿಷಯದಲ್ಲಿ ಜಾಹೀರಾತಿನ ದೊಡ್ಡ ಅಂಕಿಗಳಿಗೆ ಮರುಳಾಗಬೇಕಾದುದಿಲ್ಲ. ಅವರು ಹೇಳುವ '೪೦ ಎಂಬಿಪಿಎಸ್' ಎಂಬುದು ಮೆಗಾಬಿಟ್ಟಿನ ಲೆಕ್ಕ. ಎಂಟು ಬಿಟ್ಟಿಗೆ ಒಂದು ಬೈಟ್. ಆದುದರಿಂದ ನಲವತ್ತೆಂಬುದು ಸೆಕೆಂಡಿಗೆ ಐದು ಮೆಗಾಬೈಟ್ ಮಾತ್ರ. ಹಾಗೆಂದು ಅದು ಕಡಿಮೆಯೇನಲ್ಲ. ಸ್ಪಷ್ಟವಾದ ಎಚ್‌ಡಿ ಚಿತ್ರವೊಂದಕ್ಕೆ ಸುಮಾರು ಐದು ಮೆಗಾಬಿಟ್ ಸಾಕು, ಮೊಮ್ಮಕ್ಕಳೊಡನೆ ಮುಖ ನೋಡಿ ಮಾತನಾಡಲು ಅಷ್ಟೂ ಬೇಡ. ಇಬ್ಬರೇ ಇರುವ ಮನೆಗೆ ಮುನ್ನೂರರ ವೇಗ ಹಾಕಿಸುವುದು ಕೊಡ ನೀರಿಗೆ ಕಾಲುವೆ ತೋಡಿಸಿದಂತೆ. ಕೇಳಬೇಕಾದ ಪ್ರಶ್ನೆ ಬೇರೆಯಿದೆ: ತಿಂಗಳಿಗೆ ಎಷ್ಟು ಡೇಟಾ ಆದ ಮೇಲೆ ವೇಗ ಇಳಿಸುತ್ತೀರಿ, ಇಳಿದರೆ ಎಷ್ಟಕ್ಕೆ ಇಳಿಯುತ್ತದೆ, ತಂತಿ ತುಂಡಾದರೆ ನಮ್ಮ ಊರಿನಲ್ಲಿಯೇ ಜೋಡಿಸುವವರು ಇದ್ದಾರೆಯೇ? ಮೂರನೆಯದಕ್ಕೆ ಸರಿಯಾದ ಉತ್ತರ ಕೊಡುವವನೇ ನಿಮ್ಮ ಊರಿಗೆ ಒಳ್ಳೆಯ ಸೇವಾದಾರ, ಅವನ ಹೆಸರು ಟಿವಿ ಜಾಹೀರಾತಿನಲ್ಲಿ ಬರದಿದ್ದರೂ ಸರಿ. ಫೈಬರ್ ತಲುಪದ ಕಡೆ ಮೊಬೈಲ್ ಗೋಪುರದ ಅಲೆಯಿಂದ ನಡೆಯುವ ಪೆಟ್ಟಿಗೆಗಳಿವೆ. ಗೋಪುರ ಹತ್ತಿರವಿದ್ದರೆ ಮಾತ್ರ ಅವುಗಳನ್ನು ನಂಬಬಹುದು.

ಇನ್ನು ಕೆಟ್ಟಾಗ ನೋಡುವ ಬಗೆ. ಮಠದಲ್ಲಿ ನಮಗೆ ತರ್ಕ ಕಲಿಸಿದ ಗುರುಗಳು ಅನ್ವಯ ವ್ಯತಿರೇಕಗಳನ್ನು ಬಹಳ ಹೇಳುತ್ತಿದ್ದರು. ಇದು ಇದ್ದಾಗ ಅದು ಇರುವುದು ಅನ್ವಯ. ಇದು ಇಲ್ಲದಾಗ ಅದು ಇಲ್ಲದಿರುವುದು ವ್ಯತಿರೇಕ. ಕೆಟ್ಟ ಟಿವಿಗೆ ಈ ಶಾಸ್ತ್ರ ಇಷ್ಟು ಚೆನ್ನಾಗಿ ಹೊಂದೀತೆಂದು ಅವರು ಎಣಿಸಿರಲಾರರು. ಟಿವಿಯಲ್ಲಿ ಚಿತ್ರ ನಿಂತು ನಿಂತು ಬರುತ್ತಿದೆ ಎನ್ನಿ. ಮೊಬೈಲನ್ನು ಇಂಟರ್ನೆಟ್ ಪೆಟ್ಟಿಗೆಯ ಪಕ್ಕಕ್ಕೆ ಒಯ್ದು, ಅದರ ಸಿಮ್ಮಿನ ಡೇಟಾ ಆರಿಸಿ, ವೈಫೈಯಲ್ಲಿ ಒಂದು ವಿಡಿಯೋ ಹಾಕಿ ನೋಡಿ. ಅಲ್ಲಿ ಸರಾಗವಾಗಿ ಬಂದರೆ ಹೊರಗಿನ ತಂತಿ ನಿರ್ದೋಷಿ. ದೋಷ ಪೆಟ್ಟಿಗೆಗೂ ಟಿವಿಗೂ ನಡುವಿನದು. ನಮ್ಮ ಕಡೆಯ ಹಳೆಯ ಮನೆಗಳ ಮಣ್ಣುಗೋಡೆ, ಕಲ್ಲುಗೋಡೆಗಳು ವೈಫೈಗೆ ಕೋಟೆಯಿದ್ದಂತೆ. ೫ ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ, ೨.೪ರ ಅಲೆ ನಿಧಾನವಾದರೂ ದೂರ ಹೋಗುತ್ತದೆ. ಪೆಟ್ಟಿಗೆ ಅಂದಗೆಡಿಸುತ್ತದೆಂದು ಕಬ್ಬಿಣದ ಕಪಾಟಿನೊಳಗೆ ಇಟ್ಟವರು ಅದನ್ನು ಹೊರತೆಗೆದು ಪಡಸಾಲೆಯ ನಡುವೆ ಎತ್ತರದಲ್ಲಿ ಇಟ್ಟರೆ ಅರ್ಧ ರೋಗ ವಾಸಿ. ಟಿವಿಗೆ ನೇರವಾಗಿ ತಂತಿ ಎಳೆದರೆ ಇನ್ನೂ ಲೇಸು.

ಪೆಟ್ಟಿಗೆಯ ಪಕ್ಕದಲ್ಲಿಯೂ ಬಾರದಿದ್ದರೆ ಅದರ ದೀಪಗಳನ್ನು ನೋಡಬೇಕು. 'ಎಲ್‌ಓಎಸ್' ಎಂಬಲ್ಲಿ ಕೆಂಪು ದೀಪ ಮಿನುಗಿದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲವೆಂದರ್ಥ, ಏಕೆಂದರೆ ಆ ಗಾಜಿನ ಎಳೆಯಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಗೋಡೆಯಿಂದ ಪೆಟ್ಟಿಗೆಗೆ ಬರುವ ತೆಳುವಾದ ಎಳೆ ಚೂಪಾಗಿ ಮಡಚಿದೆಯೇ, ಇಲಿ ಕಡಿದಿದೆಯೇ ನೋಡಿ. ಇಲ್ಲವಾದರೆ ಕಂಪನಿಗೆ ಹೇಳುವುದೊಂದೇ ದಾರಿ, ಪೆಟ್ಟಿಗೆಯನ್ನು ಹತ್ತು ಸಲ ಆರಿಸಿ ಹಚ್ಚಿದರೆ ಫಲವಿಲ್ಲ. 'ಪಿಓಎನ್' ದೀಪ ಸ್ಥಿರವಾಗಿದ್ದು ಇಂಟರ್ನೆಟ್ ಮಾತ್ರ ಇಲ್ಲದಿದ್ದರೆ ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹಚ್ಚಿ, ಬಿಲ್ಲಿನ ಅವಧಿ ಮುಗಿದಿದೆಯೇ ವಿಚಾರಿಸಿ.

ಡಿಟಿಎಚ್‌ನದು ಬೇರೆ ಕಥೆ. ಸುಮಾರು ೩೬,೦೦೦ ಕಿಲೋಮೀಟರ್ ಮೇಲಿನ ಉಪಗ್ರಹದಿಂದ ಬರುವ ಅಲೆಯನ್ನು ದಟ್ಟ ಮಳೆ ಹೀರಿಕೊಳ್ಳುತ್ತದೆ. ಮಳೆ ನಿಂತರೆ ಚಿತ್ರ ತಾನಾಗಿ ಮರಳುತ್ತದೆ. ನಿರ್ಮಲ ಆಕಾಶದಲ್ಲಿಯೂ ಬಾರದಿದ್ದರೆ ಗಾಳಿಗೋ ಮಂಗಗಳಿಗೋ ಡಿಶ್ ಅಲುಗಿರಬೇಕು, ಇಲ್ಲವೇ ಆಗ್ನೇಯ ದಿಕ್ಕಿನ ತೆಂಗಿನಮರ ಈ ವರ್ಷ ಅಡ್ಡ ಬೆಳೆದಿರಬೇಕು. ಇವೆಲ್ಲಕ್ಕೂ ಮೊದಲು ಟಿವಿಯ 'ಸೋರ್ಸ್' ಗುಂಡಿಯನ್ನು ಒತ್ತಿ ನೋಡಿ. ರಜೆಗೆ ಬಂದ ಮೊಮ್ಮಕ್ಕಳು ಆಟದ ಯಂತ್ರ ಜೋಡಿಸಿ ಹೋದ ಮೇಲೆ 'ನೋ ಸಿಗ್ನಲ್' ಎಂದು ಟಿವಿ ಕಪ್ಪಾಗಿ ಕುಳಿತಿರುವುದು ಎಷ್ಟೋ ಮನೆಗಳ ಅನುಭವ.

ಒಂದು ಸಂಗತಿಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಹಳೆಯ ತಾಮ್ರದ ತಂತಿಯ ದೂರವಾಣಿಗೆ ಬೇಕಾದ ವಿದ್ಯುತ್ತು ವಿನಿಮಯ ಕೇಂದ್ರದ ಬ್ಯಾಟರಿಯಿಂದಲೇ ಆ ತಂತಿಯಲ್ಲಿ ಬರುತ್ತಿತ್ತು. ಆದುದರಿಂದ ಊರೆಲ್ಲ ಕತ್ತಲಾದರೂ ಅದು ಬಾರಿಸುತ್ತಿತ್ತು. ಫೈಬರ್‌ಗೆ ಜೋಡಿಸಿದ ದೂರವಾಣಿ ಹಾಗಲ್ಲ. ಮನೆಯ ಕರೆಂಟು ಹೋದ ಕ್ಷಣವೇ ಪೆಟ್ಟಿಗೆ ಆರಿ, ಫೋನೂ ಮೂಕವಾಗುತ್ತದೆ. ಇದನ್ನು ಹಿರಿಯರಿಗೆ ಯಾರೂ ಹೇಳಿರುವುದಿಲ್ಲ. ರಾತ್ರಿ ಎದೆನೋವು ಬಂದಾಗ ಹಳೆಯ ನಂಬಿಕೆಯಿಂದ ರಿಸೀವರ್ ಎತ್ತಿದರೆ ಅದರಲ್ಲಿ ಉಸಿರಿಲ್ಲ. ಪೆಟ್ಟಿಗೆಗೆಂದೇ ಸಣ್ಣ ಬ್ಯಾಟರಿ ಸಾಧನಗಳು ಅಂಗಡಿಯಲ್ಲಿ ಸಿಗುತ್ತವೆ. ಪೆಟ್ಟಿಗೆಯ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಸಾಮಾನ್ಯವಾಗಿ ೧೨, ಅದಕ್ಕೆ ಹೊಂದುವುದನ್ನೇ ತನ್ನಿ. ಗುಂಡಿಯಿರುವ ಸಾದಾ ಮೊಬೈಲೊಂದು ಹಾಸಿಗೆಯ ಬಳಿ ಚಾರ್ಜಾಗಿ ಇರಲಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಡಿಶ್ಶಿನ ತಂತಿ, ಪೆಟ್ಟಿಗೆಯ ಪ್ಲಗ್ಗು ಎರಡನ್ನೂ ಮೊದಲೇ ಕೀಳಬೇಕು. ಗಾಜಿನ ಎಳೆ ಮಿಂಚನ್ನು ತಾರದಿದ್ದರೂ ಕರೆಂಟಿನ ತಂತಿ ತಂದೀತು.

ದೂರು ಕೊಟ್ಟಾಗ ಅದರ ಸಂಖ್ಯೆಯನ್ನು ತಪ್ಪದೆ ಕೇಳಿ ಬರೆದುಕೊಳ್ಳಿ. ಇಂಟರ್ನೆಟ್, ದೂರವಾಣಿಯ ದೂರಾದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫. ದೂರಸಂಪರ್ಕದ ವ್ಯಾಜ್ಯವನ್ನು ಗ್ರಾಹಕ ಆಯೋಗಕ್ಕೂ ಒಯ್ಯಬಹುದೆಂದು ಸರ್ವೋಚ್ಚ ನ್ಯಾಯಾಲಯ ೨೦೨೨ರ ಫೆಬ್ರವರಿಯಲ್ಲಿ ಹೇಳಿದೆ.

ದೂರದಲ್ಲಿರುವ ಮಕ್ಕಳಿಗೆ ಒಂದು ಮಾತು. ಸಂಪರ್ಕವನ್ನು ನೀವು ಪಡೆದಾಗ ನೋಂದಾಯಿಸಿದ್ದು ನಿಮ್ಮ ಮೊಬೈಲ್ ಸಂಖ್ಯೆ. ದುರಸ್ತಿಯವನು ಊರಿನ ಮನೆಯ ಬಾಗಿಲಲ್ಲಿ ನಿಂತು ಓಟಿಪಿ ಕೇಳುತ್ತಾನೆ. ಅದು ಬೆಂಗಳೂರಿನಲ್ಲಿ ಸಭೆಯಲ್ಲಿರುವ ನಿಮ್ಮ ಜೇಬಿನಲ್ಲಿ ಬಂದು ಬಿದ್ದಿರುತ್ತದೆ. ಅವನು ಹತ್ತು ನಿಮಿಷ ಕಾದು ಹೊರಟುಹೋಗುತ್ತಾನೆ. ಮುಂದಿನ ಹಬ್ಬಕ್ಕೆ ಬಂದಾಗ ತಂದೆಯ ಸಂಖ್ಯೆಯನ್ನು ಖಾತೆಗೆ ಸೇರಿಸಿ, ಗ್ರಾಹಕ ಸಂಖ್ಯೆಯನ್ನೂ ಸ್ಥಳೀಯ ದುರಸ್ತಿಯವನ ಫೋನನ್ನೂ ದಪ್ಪ ಅಕ್ಷರದಲ್ಲಿ ಬರೆದು ಟಿವಿಯ ಪಕ್ಕದ ಗೋಡೆಗೆ ಅಂಟಿಸಿ ಹೋಗಿ.